ಒಪ್ಪತ್ತು ಹಿಡಿದ ವಾರ್ಡು

ನಾನು ಬಿ.ಎ. ಆಗುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ. ಅಪ್ಪನ ಅಕ್ಕ, ಮಾನ್ವಿ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣುಮಗಳು. ದೇವದುರ್ಗದ ಹೈಸ್ಕೂಲು ಮುಗಿಸಿ, ರಾಯಚೂರಿನ ಕಾಲೇಜಿಗೆ ಹೆಸರು ಹಚ್ಚಿ ನಾನು ಊರಿಗೆ ಬಂದ ದಿನ ಅವಳು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

“ಡಿಗ್ರಿ ಅನ್ನೂದು ನಮ್ಮ ವಂಶದಾಗ ಯಾರಿಗೂ ಹತ್ತಿಲ್ಲ. ನಿಂಗೂ ಹತ್ತೂದಿಲ್ಲ ಬಿಡು ಅಳಿಯಾ. ನಾಕು ದಿನ ಪ್ಯಾಟಿ ನೋಡಿ ಬಾ, ಕುರಿ ಎಲ್ಲಿಗೂ ಹೋಗೂದಿಲ್ಲ.”

ಅವಳಿಗೆ ನನ್ನ ಮೇಲೆ ಹಗೆಯೇನೂ ಇರಲಿಲ್ಲ. ಈ ಸಲ ಮಳೆ ತಡ ಎನ್ನುವ ಹಾಗೆ ಹೇಳಿದಳು, ಅಷ್ಟೆ. ಮುಂದೆ ಡಿಗ್ರಿಯ ಕೊನೆಯ ವರ್ಷದಲ್ಲಿ, ಒಂದೂ ಪೇಪರು ಕೈಬಿಡದೆ ಅಲ್ಲಿಯವರೆಗೆ ಬಂದಿದ್ದ ನನ್ನನ್ನು, ಅದೇ ಅತ್ತೆ ಪ್ರೀತಿಯಿಂದಲೇ ಕೆಡವಿ ಹಾಕುವುದರಲ್ಲಿದ್ದಳು. ಕೆಡವಲಿಲ್ಲ. ಅದಕ್ಕೆ ದವಾಖಾನೆಯ ಇಬ್ಬರು ಹೆಣ್ಣುಮಕ್ಕಳು ಕಾರಣ. ಅವರ ಬಗ್ಗೆ ಬರೆಯಬೇಕೆಂದು ಕೂತರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು, ನಮ್ಮವರ ಮೇಲಿನ ಸಿಟ್ಟು. ಅದನ್ನು ದಾಟಿಯೇ ಅವರ ಹತ್ತಿರ ಹೋಗಬೇಕು.

ಎಪ್ಪತ್ತರ ದಶಕದ ಕೊನೆಯ ಬ್ಯಾಸಗಿ. ಅಪ್ಪನಿಗೆ ತೊಡೆಸಂದಿಯಲ್ಲಿ ಕರುಳು ಇಳಿದಿತ್ತು. ಹರ್ನಿಯಾ. ಎಷ್ಟೋ ವರ್ಷದಿಂದ ಬಿಗಿಯಾಗಿ ಅರಿವೆ ಸುತ್ತಿಕೊಂಡು, ಯಾರಿಗೂ ಹೇಳದೆ, ಕುರಿಯ ಹಿಂದೆ ಅಡ್ಡಾಡಿದ್ದ. ಗೂಗಲ್ ಕಡೆ ಹೊಳೆದಂಡೆಯಲ್ಲಿ ಕೆಸರಿಗೆ ಸಿಕ್ಕ ಟಗರನ್ನು ಎತ್ತಲು ಹೋಗಿ ಅಲ್ಲೇ ಕುಸಿದು ಕೂತ ಮೇಲೆ ಗುಟ್ಟು ಹೊರಬಿತ್ತು. ದೇವದುರ್ಗದ ಡಾಕ್ಟರು ನೋಡಿ ರಾಯಚೂರಿಗೆ ಒಯ್ಯಿರಿ ಎಂದರು. ರಾಯಚೂರಿನ ಸರ್ಜನ್ ಒತ್ತಿ ನೋಡಿ, ಇನ್ನೊಂದು ಸಲ ಕರುಳು ಹೊರಳಿಕೊಂಡರೆ ಕಷ್ಟ, ಆಪರೇಷನ್ ಮಾಡಲೇಬೇಕು ಎಂದರು.

ನನ್ನ ಪರೀಕ್ಷೆ ಆಗಲೇ ಶುರುವಾಗಿತ್ತು. ಒಂದು ಪೇಪರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇತ್ತು. ಹಾಸ್ಟೆಲಿನಿಂದ ಚೀಲ ಎತ್ತಿಕೊಂಡು ಬಂದು ಅಪ್ಪನ ಮಂಚದ ಕೆಳಗೆ ಬಿಡಾರ ಹೂಡಿದೆ. ನಮ್ಮ ಪೈಕಿ ಓದು ಬರುತ್ತಿದ್ದವನು ನಾನೊಬ್ಬನೇ. ಚೀಟಿ ಓದಿ ಔಷಧ ತರಲು, ಡಾಕ್ಟರ ಮಾತು ತಿಳಿದುಕೊಳ್ಳಲು, ರುಜು ಹಾಕಲು ನಾನೇ ಬೇಕು. ಅತ್ತ ಊರಲ್ಲಿ ಕುರಿ ನೋಡಿಕೊಳ್ಳುತ್ತಿದ್ದ ಕಾಕಾ ಹೇಳಿ ಕಳಿಸಿದ್ದ, ಈ ಸಲ ಪಾಸಾದರೆ ನೌಕರಿ ಹುಡುಕಲಿ, ಆಗದಿದ್ದರೆ ಬಂದು ಕೋಲು ಹಿಡಿಯಲಿ ಎಂದು. ಒಂದು ಪೇಪರು ತಪ್ಪಿದರೆ ಅಕ್ಟೋಬರಿನಲ್ಲಿ ಮತ್ತೆ ಕೂರಬಹುದು ಎಂದು ಕಾಲೇಜಿನಲ್ಲಿ ಹೇಳುತ್ತಿದ್ದರು. ಅದು ಕಾಲೇಜಿನವರ ಅಕ್ಟೋಬರ್. ನಮ್ಮ ಮನೆಯಲ್ಲಿ ಅಂಥ ತಿಂಗಳು ಇರಲಿಲ್ಲ.

ಈಗ ನಮ್ಮವರ ರೀತಿಯನ್ನು ಹೇಳಬೇಕು. ದವಾಖಾನೆ ಸೇರಿದವರನ್ನು ನೋಡಲು ಬರದಿದ್ದರೆ ನಮ್ಮಲ್ಲಿ ಅದು ಸಂಬಂಧ ಕಡಿದುಕೊಂಡ ಹಾಗೆ. ಬಂದವರು ಬರಿಗೈಲಿ ಬರುವ ಹಾಗಿಲ್ಲ. ತಂದದ್ದನ್ನು ಇಟ್ಟು ಹೋಗುವ ಹಾಗೂ ಇಲ್ಲ. ರೋಗಿ ಅವರ ಕಣ್ಣೆದುರೇ ಒಂದು ತುತ್ತು ಬಾಯಿಗೆ ಹಾಕಬೇಕು, ಆಮೇಲೆಯೇ ಅವರು ಏಳುವುದು. ದೇವದುರ್ಗದ ಬಸ್ಸು, ಮಾನ್ವಿಯ ಬಸ್ಸು ಬಂದಾಗೆಲ್ಲ ನಮ್ಮ ಮಂಚದ ಸುತ್ತ ಒಂದು ಸಂತೆ. ರೊಟ್ಟಿ ಗಂಟು, ಚಟ್ನಿಪುಡಿಯ ಹಿಂಡಿ, ಗಟ್ಟಿ ಮೊಸರು. ನಾನು ನೋಟ್ಸು ಹಿಡಿದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಬಂದವರು ಅಪ್ಪನನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು.

“ಏನ್ ಓದ್ತದಲೇ ಅದು, ಅಪ್ಪ ಮಲಗ್ಯಾನ, ಇದು ಪುಸ್ತಕ ಹಿಡಕೊಂಡು ಕುಂತದ.”

ವಾರ್ಡಿನ ಸಿಸ್ಟರು ನಡುವಯಸ್ಸಿನ ಹೆಂಗಸು, ರಾಯಚೂರಿನವರೇ, ಕ್ರಿಶ್ಚಿಯನ್ನರ ಮನೆಯವರು. ನಗುವ ಮುಖವಲ್ಲ. ಹೊಗಳುವವರು ನರ್ಸುಗಳನ್ನು ದೇವತೆ ಎನ್ನುತ್ತಾರೆ. ಈ ಸಿಸ್ಟರಿಗೆ ಆ ಮಾತು ಹೊಂದುವುದಿಲ್ಲ. ಬೆಳಗ್ಗೆ ವಾರ್ಡಿಗೆ ಕಾಲಿಟ್ಟ ಕೂಡಲೇ ಬೈಯಲು ಶುರು ಮಾಡಿದರೆ ಡ್ಯೂಟಿ ಮುಗಿಯುವ ತನಕ ಬೈಯುತ್ತಲೇ ಇರುತ್ತಿದ್ದರು. ಬೈಯುತ್ತಲೇ ಹಾಸಿಗೆ ಬದಲಿಸುತ್ತಿದ್ದರು, ಬೈಯುತ್ತಲೇ ಅಪ್ಪನ ಬೆನ್ನಿಗೆ ದಿಂಬು ಕೊಡುತ್ತಿದ್ದರು. ಅವರ ಜೊತೆಗೆ ಒಬ್ಬ ಆಯಾ, ಎಲ್ಲರೂ ಖಾಲಾ, ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಅಪ್ಪನ ಧೋತರ ಒಗೆಯುವುದು ಖಾಲಾನ ಕೆಲಸವಲ್ಲ, ಆದರೂ ಒಗೆದು ಹಾಕುತ್ತಿದ್ದಳು. ಬೇಡ ಎಂದರೆ, “ಸುಮ್ಕ ಕೂಡು ಬೇಟಾ, ನೀ ಹಿಂಡಿದ್ರ ನೀರೂ ಹೋಗೂದಿಲ್ಲ, ಹೊಲಸೂ ಹೋಗೂದಿಲ್ಲ” ಎನ್ನುತ್ತಿದ್ದಳು.

ಒಂದು ದಿನ ಸಂತೆಯ ನಡುವೆ ನಾನು ಓದಲು ಒದ್ದಾಡುವುದನ್ನು ಸಿಸ್ಟರು ನೋಡಿದರು. ಬಂದು ಪುಸ್ತಕ ಕಸಿದುಕೊಂಡು ಮುಂದೆ ಮುಂದೆ ನಡೆದರು. ಬೈಗುಳ ತಿನ್ನಲು ತಯಾರಾಗಿ ಹಿಂದೆ ಹೋದೆ. ಡ್ಯೂಟಿ ರೂಮಿನ ಫ್ಯಾನಿನ ಕೆಳಗೆ ಒಂದು ಬೆಂಚಿತ್ತು. ಪುಸ್ತಕವನ್ನು ಅದರ ಮೇಲೆ ಒಗೆದರು.

“ಇಲ್ಲಿ ಕುಂತು ಓದು. ನಿಮ್ಮಪ್ಪ ಕೂಗಿದ್ರ ನನಗ ಕಿವಿ ಅದಾವ.”

ಅಂದಿನಿಂದ ಆ ಬೆಂಚು ನನ್ನದಾಯಿತು.

ಸರ್ಜನ್ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಆಪರೇಷನ್ ಮಾಡುತ್ತಿದ್ದರು. ಅಪ್ಪನ ಸರದಿ ಬಂತು. ಹಿಂದಿನ ಸಂಜೆಯೇ ಸಿಸ್ಟರು ಬಂದು, ಇನ್ನು ಮೇಲೆ ಅನ್ನ ಇಲ್ಲ, ನೀರೂ ಇಲ್ಲ, ಹೊಟ್ಟೆ ಖಾಲಿ ಇರಬೇಕು ಎಂದು ಹೇಳಿ ಹೋದರು. ಅಷ್ಟರಲ್ಲಿ ಅತ್ತೆ ಮಾನ್ವಿಯಿಂದ ಬಂದು ತಳ ಊರಿದ್ದಳು. ಅವಳಿಗೆ ನಾನು ಬಿಡಿಸಿ ಹೇಳಿದೆ. ಮತ್ತಿನ ಸೂಜಿ ಹಾಕಿದ ಮೇಲೆ ವಾಂತಿಯಾದರೆ ಅದು ಉಸಿರಿನ ಕೊಳವೆಗೆ ಹೋಗುತ್ತದೆ, ಜೀವಕ್ಕೆ ಅಪಾಯ ಎಂದೆ. “ಹೌದೇನು, ಹಂಗೇನು” ಎಂದು ಗೋಣು ಹಾಕಿದಳು. ಬೆಳಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಸಿಸ್ಟರು ಅಪ್ಪನ ಮಂಚದ ಮುಂದೆ ನಿಂತಿದ್ದರು. ಅವರ ಕಣ್ಣು ಅಪ್ಪನ ಮೀಸೆಯ ಮೇಲಿತ್ತು. ಮೀಸೆಯಲ್ಲಿ ರೊಟ್ಟಿಯ ಪುಡಿ.

“ಏನ್ ತಿಂದ್ರಿ?”

ಅಪ್ಪ ಅತ್ತೆಯನ್ನು ನೋಡಿದ.

“ಅರ್ಧ ರೊಟ್ಟಿ ಸಿಸ್ಟರಮ್ಮಾ, ಅರ್ಧನ” ಎಂದಳು ಅತ್ತೆ. “ಕತ್ತಿ ಮುಂದ ಹೋಗೋ ಮನಷ್ಯಾನ್ನ ಖಾಲಿ ಹೊಟ್ಟೀಲೆ ಕಳಿಸ್ತಾರೇನು? ಕುರಿಗೂ ನೀರು ಕುಡಿಸಿ ಕೊಯ್ತಾರ.”

“ನಾವು ಕೊಯ್ಯಾಕ ಒಯ್ಯಾಕತ್ತಿಲ್ಲ ಯವ್ವಾ, ಹೊಲ್ಯಾಕ ಒಯ್ಯಾಕತ್ತೀವಿ.”

ಆಪರೇಷನ್ ಮುಂದಕ್ಕೆ ಹೋಯಿತು. ಅತ್ತೆಗೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಅತ್ತಳು. ಅತ್ತವಳನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಿತ್ತು. ಆ ದಿನದ ಓದು ಅದರಲ್ಲೇ ಹೋಯಿತು.

ಮುಂದಿನ ಸರದಿಗೆ ಅತ್ತೆ ಗಂಟನ್ನೇ ಬಿಚ್ಚಲಿಲ್ಲ. ಮಂಚದ ಕಾಲು ಹಿಡಿದು ಕಾವಲು ಕೂತಳು. ನಾನು ಈ ಸಲ ಪಾರಾದೆವು ಎಂದುಕೊಂಡೆ. ಮೊದಲ ಬಸ್ಸಿಗೆ ಯಾಪಲದಿನ್ನಿಯಿಂದ ಬೀಗರು ಬಂದರು, ನನ್ನ ಅಕ್ಕನ ಮಾವ. ಶೇಂಗಾದ ಹೋಳಿಗೆ ತಂದಿದ್ದರು. ನಾನು ಔಷಧದ ಅಂಗಡಿಯಲ್ಲಿದ್ದೆ. ಬರುವಷ್ಟರಲ್ಲಿ ಬೀಗರು ಬಾಯಿ ಒರೆಸಿಕೊಂಡು ಏಳುತ್ತಿದ್ದರು, ಅಪ್ಪನೂ ಬಾಯಿ ಒರೆಸಿಕೊಳ್ಳುತ್ತಿದ್ದ.

“ಅತ್ತಿ, ನೀ ಏನ್ ಮಾಡಾಕತ್ತಿದ್ದಿ?”

“ಬೀಗರ ಕೈ ಹೆಂಗ ತಡೀಲಿ? ನಮ್ಮ ಮಂದಿ ಆಗಿದ್ರ ಬ್ಯಾರೆ ಮಾತು.”

“ಯಪ್ಪಾ, ನೀನರ ಒಲ್ಲೆ ಅನಬಾರದೇನು?”

ಅಪ್ಪನಿಗೆ ನನ್ನ ಮಾತೇ ಅಸಭ್ಯವಾಗಿ ಕೇಳಿಸಿತು. “ಅವರು ಬಸ್ಸಿನಾಗ ನಿಂತ್ಕೊಂಡು ಬಂದಾರಲೇ. ಒಂದ ತುತ್ತು. ಒಲ್ಲೆ ಅಂದ್ರ ನಿಮ್ಮ ಅಕ್ಕ ನಾಳೆ ಆ ಮನ್ಯಾಗ ಹೆಂಗ ಬಾಳ್ವಿ ಮಾಡ್ಬೇಕು?”

ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತು. ಸರ್ಜನ್ ಸಾವಧಾನದ ಮನುಷ್ಯ, ಅವರ ಸಾವಧಾನವೂ ಮುಗಿದಿತ್ತು. “ಇನ್ನೊಂದು ಸಲ ನೋಡ್ತೀನಿ. ಆಗಲೂ ತಿಂದು ಬಂದರೆ ಬಿಡಿಸ್ಕೊಂಡು ಹೋಗ್ರಿ. ಹೊರಗ ಕಾಯೋ ಮಂದಿ ಬಹಳ ಅದಾರ” ಎಂದರು. ಹೇಳಿದ್ದರಲ್ಲಿ ತಪ್ಪಿಲ್ಲ. ಅವರು ಕೊಟ್ಟ ದಿನ ಯಾವುದು ಎಂದು ನೋಡಿದರೆ ಅದು ನನ್ನ ಅರ್ಥಶಾಸ್ತ್ರದ ಪೇಪರಿನ ದಿನ. ಕೊನೆಯ ಪೇಪರು.

ನಾನು ಡ್ಯೂಟಿ ರೂಮಿಗೆ ಹೋಗಿ ಬೆಂಚಿನ ಮೇಲಿದ್ದ ಪುಸ್ತಕ ಎತ್ತಿ ಚೀಲಕ್ಕೆ ತುಂಬಿದೆ. ಸಿಸ್ಟರು ಸಿರಿಂಜು ಕುದಿಸುತ್ತಿದ್ದರು.

“ಯಾಕ ಕಟ್ಟಾಕತ್ತಿ?”

“ಪರೀಕ್ಷಾಕ್ಕ ಹೋಗೂದಿಲ್ರಿ.”

“ಯಾಕ?”

“ನಾ ಹೋದ್ರ ಇಲ್ಲಿ ಯಾರಿರ್ತಾರ? ಇಡೀ ಮಾನ್ವಿ ತಾಲ್ಲೂಕು ಬಂದು ಉಣಿಸಿ ಹೋಗ್ತದ.”

“ನಾ ಇರ್ತೀನಿ.”

“ಆ ದಿನ ನಿಮ್ಮ ಡ್ಯೂಟಿ ಮಧ್ಯಾಹ್ನದ್ದು ಅಲ್ರೀ?”

“ಅದನ್ನ ಬದಲಿ ಮಾಡ್ಕೊಳ್ಳೂದು ನನಗ ಗೊತ್ತದ. ನೀ ಚೀಲ ಬಿಚ್ಚು. ಬಾಯಿ ಮುಚ್ಕೊಂಡು ಓದು.”

ಆಪರೇಷನ್ನಿನ ಹಿಂದಿನ ದಿನ ಸಿಸ್ಟರು ಅತ್ತೆಯ ಹತ್ತಿರ ಬಂದು ನೆಲದ ಮೇಲೆಯೇ ಕೂತರು. ಬಿಳಿ ಸೀರೆ ಉಟ್ಟವರು ಹಾಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಖಾಲಾ ಆ ಕಡೆ ನೆಲ ಒರೆಸುತ್ತಿದ್ದಳು.

“ಯವ್ವಾ, ನೀವು ಯಾವ ದೇವರಿಗಿ ನಡ್ಕೋತೀರಿ?”

“ಬೀರಪ್ಪಗ. ಗೂಗಲ್ಲಿನ ಅಲ್ಲಮಪ್ರಭುಗ. ಯಾಕ?”

“ಒಪ್ಪತ್ತು ಹಿಡೀತೀರೇನು?”

“ಹಿಡೀದ ಬಿಡ್ತೀವೇನು? ಸೋಮವಾರ ಪೂಜಿ ಆಗೋ ತನಕ ಬಾಯಾಗ ಹನಿ ನೀರು ಬೀಳೂದಿಲ್ಲ.”

“ಒಪ್ಪತ್ತು ಇದ್ದೋರಿಗಿ ಯಾರರ ಬಂದು ಹೋಳಿಗಿ ತಿನಿಸಿದ್ರ?”

“ಕೈ ಮುರೀತೀನಿ” ಎಂದಳು ಅತ್ತೆ.

“ಬೀಗರಾದ್ರೂ?”

“ಬೀಗರಾದ್ರೇನು, ದೇವರಕ್ಕಿಂತ ದೊಡ್ಡೋರೇನು?”

“ಹಂಗಾದ್ರ ನಾಳೆ ನಿಮ್ಮ ತಮ್ಮಂದು ಒಪ್ಪತ್ತು. ಆಪರೇಷನ್ ಆಗೋ ತನಕ.”

ಅತ್ತೆ ಹೊರಗೆ ಹೋಗಿ ಎಲೆ ಉಗುಳಿ ಬಂದಳು. ಆಮೇಲೆ ತನ್ನ ತಕರಾರು ತೆಗೆದಳು. ಒಬ್ಬನು ಒಪ್ಪತ್ತು ಹಿಡಿದಾಗ ಉಳಿದವರು ಅವನ ಮುಂದೆ ಉಂಡರೆ ಅದು ಒಪ್ಪತ್ತಲ್ಲ, ಶಿಕ್ಷೆ. “ನಿನ್ನ ಚಾ ಅಲ್ಲೇ ಆ ಮೇಜಿನ ಮ್ಯಾಗ ಬರ್ತದ, ನಾ ನೋಡೀನಿ. ಉಪ್ಪಿಟ್ಟೂ ಬರ್ತದ. ನನ್ನ ತಮ್ಮ ಅದನ್ನ ಮೂಸ್ಕೊಂತ ಮಲಗಬೇಕೇನು?”

ಇಷ್ಟು ದಿನ ನಾನು ಹೇಳಿದ ವಾಂತಿ, ಉಸಿರಿನ ಕೊಳವೆ ಎಲ್ಲ ಎಲ್ಲಿಗೆ ಹೋಯಿತು ಎಂದು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸಿಸ್ಟರು ಮಾತ್ರ ಬೈಯಲಿಲ್ಲ.

“ಆಯ್ತು. ನಾಳೆ ನಂದೂ ಒಪ್ಪತ್ತು. ಇವರು ಹೊರಗ ಬರೋ ತನಕ ನಾ ಚಾ ಸೈತ ಮುಟ್ಟೂದಿಲ್ಲ.”

ಖಾಲಾ ಒರೆಸುವುದನ್ನು ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿದಳು. “ನಂದೂ ಬರಕೋರಿ. ರಂಜಾನಿಗಿ ರೋಜಾ ಹಿಡಿಯೋ ಬಾಯಿ ಇದು, ಒಂದು ದಿನ ಹೆಚ್ಚಿಗಿ ಆದ್ರ ಏನಾಗ್ತದ.”

ಅತ್ತೆ ತನ್ನ ರೊಟ್ಟಿಯ ಗಂಟನ್ನು ಇನ್ನಷ್ಟು ಬಿಗಿದು ಕಟ್ಟಿದಳು.

ಮರುದಿನ ನಾನು ಪರೀಕ್ಷೆಗೆ ಹೋದೆ. ತಗಡಿನ ಮಾಡಿನ ಹಾಲು, ಕಾದ ಹಂಚಿನಂಥ ಬಿಸಿಲು, ಬೆವರಿಗೆ ಉತ್ತರ ಪತ್ರಿಕೆ ಮೊಣಕೈಗೆ ಅಂಟುತ್ತಿತ್ತು. ಬೇಡಿಕೆ, ಪೂರೈಕೆ ಎಂದು ಬರೆಯುತ್ತಿದ್ದರೆ ಕಣ್ಣ ಮುಂದೆ ಹೋಳಿಗೆ. ಆದರೂ ಕೊನೆಯ ಗಂಟೆ ಬಾರಿಸುವ ತನಕ ಬರೆದೆ. ಆ ಇಬ್ಬರು ಅಲ್ಲಿ ಹಸಿದುಕೊಂಡು ಇರುವಾಗ ನಾನು ಇಲ್ಲಿ ಅರ್ಧಕ್ಕೆ ಎದ್ದರೆ ಅದು ನಾಚಿಕೆಗೇಡು ಎನಿಸಿತ್ತು.

ನಾನಿಲ್ಲದಾಗ ವಾರ್ಡಿನಲ್ಲಿ ನಡೆದದ್ದನ್ನು ಖಾಲಾ ಆಮೇಲೆ ಹೇಳಿದಳು. ಅತ್ತೆ ಬೆಳಗ್ಗೆಯೇ ಬಾಗಿಲಲ್ಲಿ ಕಂಬಳಿ ಹಾಸಿ ಕೂತಳಂತೆ. ದೇವದುರ್ಗದಿಂದ ಬಂದ ನಮ್ಮವರನ್ನು, “ಒಳಗ ಒಪ್ಪತ್ತು ನಡದದ, ಗಂಟು ಹೊರಗ ಇಡ್ರಿ” ಎಂದು ಮೆಟ್ಟಿಲ ಮೇಲೆಯೇ ಕೂರಿಸಿದಳಂತೆ. ಅಲ್ಲಿಗೆ ನಿಲ್ಲಿಸಿದ್ದರೆ ಅವಳು ನಮ್ಮ ಅತ್ತೆಯೇ ಅಲ್ಲ. ಪಕ್ಕದ ಮಂಚದಲ್ಲಿ ಜ್ವರ ಬಿಟ್ಟು ಚೇತರಿಸಿಕೊಳ್ಳುತ್ತಿದ್ದ ಮಟಮಾರಿಯ ಮುದುಕನಿಗೆ ಅವನ ಹೆಂಡತಿ ಇಡ್ಲಿ ತಿನ್ನಿಸಲು ಹೋದರೆ, ಆ ತಟ್ಟೆಯನ್ನೂ ಕಸಿದುಕೊಂಡಳಂತೆ. ಸಿಸ್ಟರು ಓಡಿ ಬಂದು, “ಅವರಿಗಿ ತಿನ್ನಾಕ ಬಿಡ್ರಿ ಯವ್ವಾ, ಅವರಿಗಿ ಆಪರೇಷನ್ ಇಲ್ಲ” ಎಂದು ಬಿಡಿಸಬೇಕಾಯಿತಂತೆ. ಮಟಮಾರಿಯ ಅಜ್ಜಿ ಮಾತ್ರ ದೊಡ್ಡ ಮನಸ್ಸಿನವಳು. ಗಂಡನಿಗೆ ಅಪ್ಪನ ಕಡೆ ಬೆನ್ನು ಮಾಡಿಸಿ, ಸೆರಗು ಮರೆ ಹಿಡಿದು ತಿನ್ನಿಸಿದಳಂತೆ. ಅದನ್ನು ನೋಡಿ ಉಳಿದ ಮಂಚಗಳಲ್ಲಿ ನಡೆಯಲು ಬರುವವರೆಲ್ಲ ಹೊರಗಿನ ಬೇವಿನ ಗಿಡದ ನೆರಳಿಗೆ ಹೋಗಿ ಉಂಡು ಬಂದರಂತೆ. ಅಪ್ಪನೊಬ್ಬನ ಹರ್ನಿಯಾಕ್ಕೆ ಇಡೀ ವಾರ್ಡು ಒಪ್ಪತ್ತು ಹಿಡಿಯಿತು.

ನಾನು ಬಿಸಿಲಲ್ಲಿ ಓಡಿ ಬಂದಾಗ ಎಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಮಾನ್ವಿ ರಸ್ತೆಯಲ್ಲಿ ಲಾರಿ ಉರುಳಿ ಗಾಯಗೊಂಡವರು ಬಂದದ್ದರಿಂದ ತಡವಾಗಿ, ಅಪ್ಪನನ್ನು ಆಗಷ್ಟೇ ಒಳಗೆ ಒಯ್ದಿದ್ದರು. ಸಿಸ್ಟರ ಡ್ಯೂಟಿ ಯಾವಾಗಲೋ ಮುಗಿದಿತ್ತು. ಮನೆಗೆ ಹೋಗದೆ ಥಿಯೇಟರಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ತುಟಿ ಒಣಗಿ ಬಿಳಿಯಾಗಿತ್ತು. ಅವರ ಎದುರಿಗೆ ನೆಲದ ಮೇಲೆ ಅತ್ತೆ, ಅವಳ ಪಕ್ಕ ಖಾಲಾ.

“ನೀರಾದ್ರೂ ಕುಡೀರಿ ಸಿಸ್ಟರ್” ಎಂದೆ.

“ನಿಮ್ಮ ಅತ್ತಿ ನೋಡಾಕತ್ತಾಳ. ಪೇಪರ್ ಹೆಂಗಾತು?”

“ಬರದೀನ್ರಿ.”

“ಪೂರಾ?”

“ಪೂರಾ.”

“ಹೂಂ” ಎಂದರು. ಆಮೇಲೆ, ಬಾಗಿಲಿಗೆ ಅಡ್ಡ ನಿಲ್ಲಬೇಡ ಎಂದು ಬೈದರು.

ಅಪ್ಪ ಹೊರಗೆ ಬಂದ. ಸರ್ಜನ್ ಕೈಗವಸು ತೆಗೆಯುತ್ತ, ಚಲೋ ಆಯಿತು ಎಂದಷ್ಟೇ ಹೇಳಿ ಹೋದರು. ಅತ್ತೆ ತಮ್ಮನ ಹಣೆ ಮುಟ್ಟಿ ನೋಡಿದಳು, ಕಣ್ಣು ಒರೆಸಿಕೊಂಡಳು, ಮರುಗಳಿಗೆ ಗಂಟು ಬಿಚ್ಚಿದಳು. ನಾನು ಅಡ್ಡ ಹೋಗಲು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಅವಳು ಅಪ್ಪನ ಕಡೆ ತಿರುಗಲಿಲ್ಲ. ಕಟಕ್ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ ತೆಗೆದು, ಮೊದಲ ತುತ್ತು ಮುರಿದು ಸಿಸ್ಟರ ಬಾಯಿಗೆ ಹಿಡಿದಳು.

“ಕೈ ತೊಳ್ಕೊಂಡು ಬರ್ತೀನಿ ತಡೀರಿ ಯವ್ವಾ.”

“ನನ್ನ ಕೈ ತೊಳದದ. ನೀ ಬಾಯಿ ತಗಿ.”

ಸಿಸ್ಟರು ಬಾಯಿ ತೆರೆದರು. ಎರಡನೆಯ ತುತ್ತು ಖಾಲಾನಿಗೆ. ಖಾರಕ್ಕೆ ಖಾಲಾನ ಕಣ್ಣಲ್ಲಿ ನೀರು ಬಂತು, “ಕ್ಯಾ ಮಿರ್ಚಿ ಹಾಕೀರಬೇ” ಎನ್ನುತ್ತ ಇನ್ನೊಂದಕ್ಕೆ ಕೈ ಚಾಚಿದಳು.

ಮುಂದಿನ ದಿನಗಳನ್ನು ನೆನೆದರೆ ಅಪ್ಪನ ಮೇಲೆ ಇವತ್ತಿಗೂ ಸಿಟ್ಟು ಬರುತ್ತದೆ. ಮಲಗಿರು ಎಂದರೆ ಕೂರುತ್ತಿದ್ದ, ಕೂರು ಎಂದರೆ ಕುರಿ ಏನಾದವೋ ನೋಡಿ ಬರುತ್ತೇನೆ ಎನ್ನುತ್ತಿದ್ದ. ಖಾಲಾ ಪಾತ್ರೆ ಹಿಡಿದು ಬಂದರೆ ನಾಚಿ ಗೋಡೆಗೆ ಮುಖ ಮಾಡಿ ಮಧ್ಯಾಹ್ನದ ತನಕ ಉಚ್ಚೆ ಕಟ್ಟಿಕೊಂಡು ಮಲಗುತ್ತಿದ್ದ. ಅವಳು ಬೇಸರಿಸದೆ ಮತ್ತೆ ಮತ್ತೆ ಬರುತ್ತಿದ್ದಳು. “ನಮ್ಮ ಅಬ್ಬಾಗೂ ನಾನೇ ಮಾಡೀನಿ ಭಾಯಿ, ನೀವು ಆಕಡಿ ನೋಡ್ರಿ, ನಾ ಈಕಡಿ ನೋಡ್ತೀನಿ” ಎಂದು ಹೇಳಿ ಹೇಳಿ ಅವನ ನಾಚಿಕೆ ಬಿಡಿಸಿದಳು. ಗಾಯ ಒಣಗಿ ಬಿಡುಗಡೆಯಾದ ದಿನ ನಾನು ಸಿಸ್ಟರ ಮುಂದೆ ನಿಂತು, ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಳ್ಳೆಯ ಕನ್ನಡದಲ್ಲಿ, ನಿಮ್ಮ ಉಪಕಾರ ಮರೆಯಲಾರೆ ಎಂದು ಶುರು ಮಾಡಿದೆ. “ಸರಿ ಸರಿ, ಆ ಸ್ಟೂಲ್ ಸ್ವಲ್ಪ ಆಕಡಿ ಸರಸು” ಎಂದರು. ಸರಿಸಿದೆ.

ತಿರುಗಿ ತೋರಿಸಲು ಬಂದಾಗ ಅಪ್ಪ ಒಂದು ಹೊಸ ಕರಿ ಕಂಬಳಿ ಹೊತ್ತು ತಂದ. ರಾಯಚೂರಿನ ಬಿಸಿಲು, ಮೇ ತಿಂಗಳು, ಮನುಷ್ಯರು ಅಂಗಿಯನ್ನೇ ತಾಳಲಾರದ ಹೊತ್ತು. ಬಸ್ಸಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ಸಾಕಷ್ಟು ಜಗಳವಾಡಿದೆ. ಸಿಸ್ಟರು ಏನನ್ನೂ ತೆಗೆದುಕೊಳ್ಳುವವರಲ್ಲ ಎಂದೆ. ಅವರು ಕಂಬಳಿ ನೋಡಿದರು, ಅಪ್ಪನ ಮುಖ ನೋಡಿದರು, ಮೂಗಿನ ಹತ್ತಿರ ಹಿಡಿದು ಕುರಿಯ ವಾಸನೆಗೆ ಮುಖ ಸಿಂಡರಿಸಿದರು. ಆಮೇಲೆ ಒಯ್ದು ಡ್ಯೂಟಿ ರೂಮಿನ ಬೆಂಚಿನ ಮೇಲೆ ಹಾಸಿದರು. “ಇಲ್ಲಿ ಇರ್ಲಿ. ಕುಂದ್ರೋರಿಗಿ ಬರ್ತದ.”

ಪಾಸಾದೆ. ಮೇಲಿನ ದರ್ಜೆಯಲ್ಲ, ಆದರೆ ಒಂದೇ ಏಟಿಗೆ, ಎಲ್ಲ ಪೇಪರು. ನಮ್ಮ ಊರಲ್ಲಿ, ನಮ್ಮ ಮಂದಿಯಲ್ಲಿ, ನನಗಿಂತ ಮೊದಲು ಯಾರೂ ಆಗಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗಲೆಲ್ಲ ಅದರಲ್ಲಿ ಇಬ್ಬರು ಹೆಂಗಸರ ಒಂದು ಹೊತ್ತಿನ ಹಸಿವು ಸೇರಿದೆ ಎಂಬುದು ನನಗೆ ಗೊತ್ತು. ಅವರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ. ಅವರ ವಾರ್ಡಿಗೆ ದಿನಾ ಒಬ್ಬ ಅತ್ತೆ ಬರುತ್ತಿದ್ದಳು.

ಪದವಿಯ ಪ್ರಮಾಣಪತ್ರ ಕಾಲೇಜಿಗೆ ಬರುವ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಉಣ್ಣೆ ಮಾರಲು ಬಂದಿದ್ದ ಅಪ್ಪ ನನ್ನ ಜೊತೆ ಆಫೀಸಿಗೆ ಬಂದ. ಚಪ್ಪಲಿ ಹೊರಗೆ ಬಿಡಬೇಡ ಎಂದರೂ ಬಿಟ್ಟೇ ಬಂದ. ಗುಮಾಸ್ತರು ನನ್ನ ರುಜು ತೆಗೆದುಕೊಂಡು, ದಪ್ಪ ಕಾಗದವನ್ನು ನನಗೆ ಕೊಟ್ಟರು. ನಾನು ಅದನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, ಗಾಳಿಗೆ ಹಾರದ ಹಾಗೆ ಎದೆಗೆ ಹತ್ತಿರ ಹಿಡಿದ. ದೇವದುರ್ಗದ ಬಸ್ಸಿಗೆ ಹೊತ್ತಾಗಿತ್ತು. ನಡಿ, ಅದು ತಪ್ಪಿದರೆ ಸಂಜೆ ತನಕ ಬೇರೆ ಬಸ್ಸಿಲ್ಲ ಎಂದು ಅವಸರ ಮಾಡಿದೆ.

“ತಪ್ಪಿದ್ರ ತಪ್ಪಲಿ” ಎಂದ ಅಪ್ಪ. “ಮೊದಲ ದವಾಖಾನಿಗಿ ಹೋಗಾಮು. ಸಿಸ್ಟರಮ್ಮಗ, ಖಾಲಾಗ ತೋರಿಸಿ ಆಮ್ಯಾಲ ಮನಿಗಿ. ಅವರಿಗಿ ಮಧ್ಯಾಹ್ನದ ಡ್ಯೂಟಿ ಇದ್ರ, ಬರೋ ತನಕ ಅಲ್ಲೇ ಕುಂದ್ರಾಮು.”